ನದಿ ನಡುವೆ ಎಂಜಿನ್ ನಿಂತರೆ, ಕಂಪನಿ ಉತ್ತರಿಸದಿದ್ದರೆ

ತಂಗಡಿಯ ಹತ್ತಿರ ಭೀಮೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ನದಿಯ ಒಂದು ದಡ ರಾಯಚೂರಿನದು, ಇನ್ನೊಂದು ದಡ ತೆಲಂಗಾಣದ ಮಕ್ತಲ್‌ನದು. ಮುಂದೆ ಗದ್ವಾಲದ ಬಳಿ ಜೂರಾಲ ಅಣೆಕಟ್ಟು ನೀರನ್ನು ತಡೆದು ನಿಲ್ಲಿಸಿದೆ. ಈ ಹರಿವಿನ ಉದ್ದಕ್ಕೂ ದೋಣಿಯನ್ನೇ ನಂಬಿ ಬದುಕುವ ಜನರಿದ್ದಾರೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ ನಡುಗಡ್ಡೆಗೆ ಭಕ್ತರು ಪಂಚದೇವಪಹಾಡಿನ ಕಡೆಯಿಂದ ನದಿ ದಾಟುತ್ತಾರೆ. ಗದ್ವಾಲ ಮಂಡಲದ ಗುರ್ರಂಗಡ್ಡ ನಡುಗಡ್ಡೆಯ ಊರು. ಹೊಳೆ ತುಂಬಿದರೆ ಅಲ್ಲಿಗೆ ಹೊರಗಿನ ಸಂಪರ್ಕವೇ ಕಷ್ಟ. ಜೂರಾಲ ಹಿನ್ನೀರಿನ ಮೀನಿಗೆ ದೂರದೂರಿನ ಗಿರಾಕಿಗಳಿದ್ದಾರೆ. ಆ ಮೀನು ಹಿಡಿಯುವವರೂ ದೋಣಿಯವರೇ.

ಮೊದಲೆಲ್ಲ ಇಲ್ಲಿ ಹರಿಗೋಲೇ ಎಲ್ಲ. ನಾವು ಹರಿಗೋಲು ಎನ್ನುವುದನ್ನು ತೆಲುಗಿನವರು ಪುಟ್ಟಿ ಎನ್ನುತ್ತಾರೆ. ಹರಿಗೋಲು ಕೆಡುವುದು ಕಡಿಮೆ, ಕೆಟ್ಟರೆ ದಡದಲ್ಲೇ ಸರಿಮಾಡಬಹುದು. ಆದರೆ ಸೆಳೆತ ಹೆಚ್ಚಿದಾಗ ಅದು ಕೈಗೆ ಸಿಗುವುದಿಲ್ಲ. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡಿನ ಕಡೆಯಿಂದ ನಡುಗಡ್ಡೆಯೊಂದಕ್ಕೆ ಹೊರಟಿದ್ದ ಹರಿಗೋಲು ತುಂಬಿದ ಹೊಳೆಯಲ್ಲಿ ಮಗುಚಿ ನಾಲ್ವರು ಕೊಚ್ಚಿಹೋದರು. ಎಂಜಿನ್ ದೋಣಿ ಬೇಕು ಎನ್ನುವುದು ಶೋಕಿಯ ಮಾತಲ್ಲ.

ಎಂಜಿನ್ ಬಂದ ಮೇಲೆ ಹೊಸ ತೊಂದರೆಯೂ ಬಂತು. ಸಾಲ ಮಾಡಿಯೋ ಸಹಾಯಧನದಲ್ಲೋ ತಂದ ಎಂಜಿನ್ ಒಂದು ಹಂಗಾಮು ಚೆನ್ನಾಗಿ ಓಡುತ್ತದೆ. ಆಮೇಲೆ ನಿಲ್ಲುತ್ತದೆ. ರಿಪೇರಿಯಾಗುತ್ತದೆ, ಮತ್ತೆ ಅದೇ ಜಾಗದಲ್ಲಿ ಕೆಡುತ್ತದೆ. ಮಾರಿದವರು ‘ಕಂಪನಿಗೆ ತಿಳಿಸಿದ್ದೇವೆ’ ಎನ್ನುತ್ತಾರೆ. ಕಂಪನಿಯಿಂದ ಉತ್ತರವೇ ಇರುವುದಿಲ್ಲ. ಈ ಮೌನವನ್ನು ಹೇಗೆ ಎದುರಿಸುವುದು, ಅದಕ್ಕೆ ಎಷ್ಟು ಖರ್ಚು, ಎಲ್ಲಿಗೆ ಹೋಗಬೇಕು ಎಂದು ಇಲ್ಲಿ ಹೇಳುತ್ತೇನೆ. ಅದಕ್ಕೂ ಮುಂಚೆ ಎಂಜಿನ್ ಯಾಕೆ ಕೆಡುತ್ತದೆ ಎಂದು ತಿಳಿಯಬೇಕು. ಕಂಪನಿಯವರು ಮೊದಲು ಹೇಳುವ ಮಾತೇ ‘ನೀವು ಸರಿಯಾಗಿ ಬಳಸಿಲ್ಲ’ ಎಂಬುದು.

ಸಣ್ಣ ದೋಣಿಗಳಿಗೆ ಹಾಕುವುದು ಹೆಚ್ಚಾಗಿ ಔಟ್‌ಬೋರ್ಡ್ ಮೋಟಾರ್. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್ ಅದು. ಕರಾವಳಿಯ ನಾಡದೋಣಿಯವರು ಇದನ್ನೇ ಓಬಿಎಂ ಎನ್ನುತ್ತಾರೆ. ಮೇಲ್ಭಾಗದಲ್ಲಿ ಪೆಟ್ರೋಲ್ ಎಂಜಿನ್, ನಡುವೆ ಉದ್ದನೆಯ ಕಾಲು, ಕೆಳಗೆ ನೀರಿನಲ್ಲಿ ಗೇರ್ ಡಬ್ಬಿ ಮತ್ತು ಪ್ರೊಪೆಲರ್. ಪ್ರೊಪೆಲರ್ ಅಂದರೆ ನೀರನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮುಂದಕ್ಕೆ ನೂಕುವ ರೆಕ್ಕೆ.

ಬೈಕಿನ ಎಂಜಿನ್ ಗಾಳಿಗೆ ತಣಿಯುತ್ತದೆ. ಇದು ನದಿಯ ನೀರಿನಿಂದಲೇ ತಣಿಯುತ್ತದೆ. ಕೆಳಗಿನ ಕಾಲಿನಲ್ಲಿ ಇಂಪೆಲರ್ ಎಂಬ ರಬ್ಬರ್ ಚಕ್ರವಿದೆ. ಅದು ತಿರುಗುತ್ತ ನೀರನ್ನು ಹೀರಿ ಮೇಲಕ್ಕೆ ಕಳಿಸುತ್ತದೆ. ಎಂಜಿನ್ನಿನ ಬಿಸಿ ಹೀರಿಕೊಂಡ ನೀರು ಹೊರಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಹಿಂಬದಿಯ ಒಂದು ಸಣ್ಣ ತೂತಿನಿಂದ ಚಿಮ್ಮುತ್ತದೆ. ಆ ಧಾರೆ ನಮಗಾಗಿಯೇ ಇಟ್ಟ ಗುರುತು. ಧಾರೆ ಜೋರಾಗಿದ್ದರೆ ತಣಿಯುವ ಕೆಲಸ ನಡೆದಿದೆ ಎಂದರ್ಥ. ಧಾರೆ ಸಣ್ಣಗಾದರೆ ಅಥವಾ ನಿಂತರೆ ಎಂಜಿನ್ ಆಗಲೇ ಬಂದ್ ಮಾಡಬೇಕು. ‘ದಡ ಹತ್ತಿರವೇ ಇದೆ, ಹೋಗಿಬಿಡೋಣ’ ಎಂದರೆ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಳ್ಳಬಹುದು. ಆಮೇಲೆ ಆಗುವುದು ಸಣ್ಣ ರಿಪೇರಿಯಲ್ಲ.

ನಮ್ಮ ಕೃಷ್ಣೆಯಲ್ಲಿ ಇಂಪೆಲರ್ ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರಳಿನ ದಿಬ್ಬಗಳ ಮೇಲೇ ದೋಣಿ ಓಡುತ್ತದೆ. ಪಂಪು ನೀರಿನ ಜೊತೆ ಮರಳನ್ನೂ ಹೀರುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಹೂಳು. ಹಿನ್ನೀರಿನ ಅಂಚಿನಲ್ಲಿ ಜೊಂಡು, ಅಂತರಗಂಗೆ, ಪ್ಲಾಸ್ಟಿಕ್ ಚೀಲ. ಇವು ನೀರು ಹೀರುವ ಬಾಯಿಗೆ ಬಂದು ಕೂರುತ್ತವೆ. ಕೈಪಿಡಿಯಲ್ಲಿ ವರ್ಷಕ್ಕೊಮ್ಮೆ ಇಂಪೆಲರ್ ನೋಡಿ ಎಂದು ಬರೆದಿದ್ದರೆ ಅದು ತಿಳಿನೀರಿನ ಲೆಕ್ಕ. ದಿನವೂ ಮರಳಿನಲ್ಲಿ ಓಡುವ ದೋಣಿಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತೆಗೆದು ನೋಡಿಸಿ.

ಎರಡನೆಯ ತೊಂದರೆ ಬಂಡೆಯದು. ಈ ಪಾತ್ರದಲ್ಲಿ ನೀರಿನ ಕೆಳಗೆ ಕಲ್ಲುಗಳು ಅಡಗಿವೆ. ಪ್ರೊಪೆಲರ್ ಬಂಡೆಗೆ ಬಡಿದಾಗ ಗೇರು ಮುರಿಯಬಾರದೆಂದು ಒಳಗೆ ಒಂದು ಮೆದು ಪಿನ್ನನ್ನೋ ರಬ್ಬರ್ ಬುಷನ್ನೋ ಇಟ್ಟಿರುತ್ತಾರೆ. ಪೆಟ್ಟು ಬಿದ್ದಾಗ ಮೊದಲು ಹೋಗುವುದು ಅದು. ಎಂಜಿನ್ ಕೂಗುತ್ತದೆ, ದೋಣಿ ಕದಲುವುದಿಲ್ಲ ಎಂದಾದರೆ ಅಲ್ಲೇ ನೋಡಿ. ಪಿನ್ನಿನ ಮಾದರಿಯಾದರೆ ಎರಡು ಪಿನ್ನು, ಒಂದು ಇಕ್ಕಳ ದೋಣಿಯಲ್ಲೇ ಇರಲಿ. ಪಿನ್ನಿನ ಬದಲು ಮೊಳೆ ಹೊಡೆಯುವ ಪದ್ಧತಿ ಅಲ್ಲಲ್ಲಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಳೆ ಮುರಿಯುವುದಿಲ್ಲ, ಮುಂದಿನ ಪೆಟ್ಟಿಗೆ ಗೇರೇ ಮುರಿಯುತ್ತದೆ.

ಮೂರನೆಯದು ತಂಗೂಸಿ. ಬಲೆಯಿಂದ ಕಡಿದು ನೀರಿನಲ್ಲಿ ತೇಲುವ ನೈಲಾನ್ ದಾರ ಪ್ರೊಪೆಲರಿನ ಹಿಂದೆ ಸುತ್ತಿಕೊಳ್ಳುತ್ತದೆ. ಕಾಣುವುದೇ ಇಲ್ಲ. ಅದು ಮೆಲ್ಲಗೆ ರಬ್ಬರ್ ಸೀಲನ್ನು ಕೊಯ್ಯುತ್ತದೆ. ಸೀಲ್ ಹರಿದರೆ ಗೇರ್ ಡಬ್ಬಿಗೆ ನೀರು ನುಗ್ಗುತ್ತದೆ. ಗೇರ್ ಆಯಿಲ್ ಇಳಿಸಿದಾಗ ಹಾಲಿನ ಬಣ್ಣ ಬಂದರೆ ನೀರು ಸೇರಿದೆ ಎಂದು ತಿಳಿಯಿರಿ. ವಾರಕ್ಕೊಮ್ಮೆ ಪ್ರೊಪೆಲರ್ ಬಿಚ್ಚಿ ದಾರ ಇದೆಯೇ ನೋಡಿದರೆ ದೊಡ್ಡ ರಿಪೇರಿಯೊಂದು ತಪ್ಪುತ್ತದೆ.

ನಾಲ್ಕನೆಯದು ಪೆಟ್ರೋಲ್. ಇದು ಈಚಿನ ತೊಂದರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಸಾಮಾನ್ಯವಾಗಿ 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರಿನ ತೇವವನ್ನು ಎಳೆದುಕೊಳ್ಳುತ್ತದೆ. ನದಿಯ ಮೇಲೆ ತೇವಕ್ಕೇನು ಬರ? ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದೂ ತಳದಿಂದಲೇ. ಕಾರ್ಬ್ಯುರೇಟರಿನ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ, ಹಳೆಯ ರಬ್ಬರ್ ಪೈಪು ಮೆತ್ತಗಾಗುತ್ತದೆ. ಬಹಳಷ್ಟು ದೋಣಿ ಎಂಜಿನ್‌ಗಳ ಕೈಪಿಡಿಯಲ್ಲಿ 10% ಎಥನಾಲ್‌ವರೆಗೆ ಮಾತ್ರ ಎಂದು ಬರೆದಿರುತ್ತದೆ. ಹಾಗಾದರೆ ಬಳಸುವವರು ಏನು ಮಾಡಬೇಕು? ನನ್ನ ಪ್ರಕಾರ ಈ ಪ್ರಶ್ನೆಗೆ ಉತ್ತರಿಸಬೇಕಾದವರು ಮಾರುವವರು. ಎಂಜಿನ್ ಕೊಳ್ಳುವ ದಿನವೇ ‘ಬಂಕಿನ ಈ ಪೆಟ್ರೋಲ್ ಹಾಕಿದರೆ ವಾರಂಟಿ ನಡೆಯುತ್ತದೆಯೇ’ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೋ ವಾಟ್ಸಾಪಿನಲ್ಲೋ ಬರೆಸಿಕೊಳ್ಳಿ. ದಿನಗಟ್ಟಲೆ ದೋಣಿ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಎಂಜಿನ್ ಓಡಿಸಿ. ದಡದ ಮೇಲಾದರೆ ಕಾಲಿನ ಭಾಗ ನೀರಿನ ಡ್ರಮ್ಮಿನಲ್ಲಿ ಮುಳುಗಿರಬೇಕು, ಇಲ್ಲವಾದರೆ ಇಂಪೆಲರ್ ಸುಡುತ್ತದೆ.

ಟೂ ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಸಾಮಾನ್ಯ ಅಳತೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ನಿಮ್ಮ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಕಣ್ಣಳತೆಯಲ್ಲಿ ಸುರಿಯಬೇಡಿ.

ಇಷ್ಟೆಲ್ಲ ನೋಡಿಕೊಂಡರೂ ಅದೇ ಭಾಗ ಮತ್ತೆ ಮತ್ತೆ ಹೋಗುತ್ತಿದೆಯೇ? ಹಾಗಿದ್ದರೆ ತಯಾರಿಕೆಯಲ್ಲೇ ದೋಷ ಇರಬಹುದು. ಅದನ್ನು ಹೇಳಿದರೆ ಸಾಲದು, ತೋರಿಸಬೇಕು. ತೋರಿಸಲು ಕಾಗದ ಬೇಕು.

ಮಂಗಳೂರು, ಮಲ್ಪೆಯಂಥ ಬಂದರುಗಳಲ್ಲಿ ದೋಣಿ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳು ಸುತ್ತಮುತ್ತಲೇ ಸಿಗುತ್ತಾರೆ. ಮಕ್ತಲ್‌ನಲ್ಲಿ ಸಿಗುವವರು ಟ್ರ್ಯಾಕ್ಟರ್, ಪಂಪ್‌ಸೆಟ್ ಬಲ್ಲವರು. ಹೈದರಾಬಾದ್ ನೂರೈವತ್ತು ಕಿಲೋಮೀಟರಿಗೂ ದೂರ. ಬಿಡಿಭಾಗ ವಿದೇಶದಿಂದ ಬರಬೇಕಾದರೆ ಇನ್ನೂ ತಡ. ಆದ್ದರಿಂದ ನನ್ನ ಸಲಹೆ ಇಷ್ಟು: ಎಂಜಿನ್ ಆರಿಸುವಾಗ ಎಷ್ಟು ಎಚ್‌ಪಿ ಎಂದು ಕೇಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಬಂದು ರಿಪೇರಿ ಮಾಡುತ್ತಾರೆ ಎಂದು ಕೇಳಿ. ಉತ್ತರ ತೃಪ್ತಿಯಾಗದಿದ್ದರೆ ನಿಮ್ಮೂರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ಸಣ್ಣ ಡೀಸೆಲ್ ಎಂಜಿನ್ನೇ ಮೇಲು. ಅದು ನಿಧಾನ, ಸದ್ದು ಜಾಸ್ತಿ. ಆದರೆ ನಿಂತರೆ ಎರಡು ದಿನದಲ್ಲಿ ಮತ್ತೆ ಹೊಳೆಗಿಳಿಯುತ್ತದೆ.

ವಾರಂಟಿ ಕಾರ್ಡಿನಲ್ಲಿ ಒಂದು ಸಾಲನ್ನು ಹುಡುಕಿ ಓದಿ. ‘ವಾಣಿಜ್ಯ ಬಳಕೆ’ ಎಂಬ ಸಾಲು. ವಿಹಾರಕ್ಕೆ ಬಳಸಿದರೆ ಇಷ್ಟು ವರ್ಷ, ದುಡಿಮೆಗೆ ಬಳಸಿದರೆ ಅದಕ್ಕಿಂತ ಕಡಿಮೆ ಎಂದು ಹಲವು ಕಂಪನಿಗಳು ಬರೆದಿರುತ್ತವೆ. ಮಾರುವವರು ದೊಡ್ಡ ಅಂಕಿಯನ್ನೇ ಹೇಳಿರುತ್ತಾರೆ. ಮೀನುಗಾರಿಕೆಗೆ, ಜನರನ್ನು ದಾಟಿಸಲು ಎಂದು ಹೇಳಿಯೇ ಕೊಳ್ಳಿ, ನಿಮಗೆ ಸಿಗುವ ನಿಜವಾದ ಅವಧಿಯನ್ನು ಬರೆಸಿಕೊಳ್ಳಿ. ಬಿಲ್ ಕೊಡದೆ ಮಾರುವುದು ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ. ಎಂಜಿನ್ ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ ಇರುತ್ತದೆ. ಪೆಟ್ಟಿಗೆ ಒಡೆಯುವ ಮೊದಲು ಅದರ ಫೋಟೊ ತೆಗೆಯಿರಿ. ದೋಣಿಗೆ ಸಿಕ್ಕಿಸುವ ಕೊಂಡಿಯ ಹತ್ತಿರ ಸೀರಿಯಲ್ ನಂಬರಿನ ಪಟ್ಟಿ ಇರುತ್ತದೆ, ಅದರದ್ದೂ ಒಂದು ಫೋಟೊ ಇರಲಿ.

ಆಮೇಲೆ ಒಂದು ನೂರು ಪುಟದ ನೋಟುಬುಕ್ಕು ಸಾಕು. ದಿನಾಂಕ, ಎಷ್ಟು ತಾಸು ಓಡಿತು, ಎಷ್ಟು ಪೆಟ್ರೋಲ್, ಆಯಿಲ್ ಬದಲಿಸಿದ ದಿನ, ಕೆಟ್ಟ ದಿನ, ಏನು ಕೆಟ್ಟಿತು. ಓದು ಬಾರದ ಹಿರಿಯರು ಮನೆಯ ಶಾಲಾ ಮಕ್ಕಳಿಂದ ಬರೆಸಲಿ. ಕನ್ನಡವೋ ತೆಲುಗೋ, ಯಾವುದಾದರೂ ನಡೆಯುತ್ತದೆ. ಪ್ರತಿ ರಿಪೇರಿಗೂ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಜಾಬ್ ಕಾರ್ಡ್ ಅಂದರೆ ಏನು ದೂರು, ಏನು ಮಾಡಿದರು ಎಂದು ಸರ್ವಿಸ್‌ನವರು ಬರೆದುಕೊಡುವ ಚೀಟಿ. ‘ಫ್ರೀ ಸರ್ವಿಸ್, ಚೀಟಿ ಬೇಡ’ ಎಂದರೆ ಒಪ್ಪಬೇಡಿ. ವಾರಂಟಿ ಅವಧಿಯಲ್ಲಿ ಒಂದೇ ಭಾಗ ಮೂರು ಸಲ ಕೆಟ್ಟಿದೆ ಎಂದು ಅವರದೇ ಚೀಟಿಗಳು ಹೇಳಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ. ತೆಗೆದ ಹಳೆಯ ಭಾಗವನ್ನೂ ಬಿಡಬೇಡಿ. ಅವರು ವಾಪಸ್ ಕೇಳಿದರೆ ಫೋಟೊ ತೆಗೆದು, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ಈಗ ಮೌನದ ವಿಷಯ. ಫೋನಿನಲ್ಲಿ ನೂರು ಸಲ ಕೇಳಿದರೂ ಅದು ಕೇಳಿದ ಹಾಗಲ್ಲ. ಒಂದು ಪತ್ರ ಬರೆಯಿರಿ. ಮಾರಿದವರಿಗೆ ಒಂದು, ಕಂಪನಿಗೆ ಅಥವಾ ಆಮದುದಾರರಿಗೆ ಒಂದು. ಅದರಲ್ಲಿ ಆವೇಶದ ಮಾತು ಬೇಡ. ಹೀಗಿದ್ದರೆ ಸಾಕು: ‘ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ, ಈ ಸೀರಿಯಲ್ ನಂಬರಿನ ಎಂಜಿನ್ ಕೊಂಡಿದ್ದೇನೆ. ಇಂಥ ಇಂಥ ದಿನಗಳಲ್ಲಿ ಇದೇ ಭಾಗ ಕೆಟ್ಟಿದೆ. ಜಾಬ್ ಕಾರ್ಡುಗಳ ಪ್ರತಿ ಲಗತ್ತಿಸಿದ್ದೇನೆ. ಈ ದೋಣಿಯಿಂದಲೇ ನನ್ನ ಸಂಸಾರ ನಡೆಯುತ್ತದೆ. ಪತ್ರ ತಲುಪಿದ 15 ದಿನದೊಳಗೆ ದೋಷ ಪೂರ್ತಿ ಸರಿಪಡಿಸಬೇಕು, ಇಲ್ಲವೇ ಎಂಜಿನ್ ಬದಲಿಸಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು.’ ಇದನ್ನು ಇಮೇಲ್‌ನಲ್ಲಿ ಕಳಿಸಿ, ಅಂಚೆಯಲ್ಲೂ ಕಳಿಸಿ. 2025ರಿಂದ ರಿಜಿಸ್ಟರ್ಡ್ ಪೋಸ್ಟ್ ಬೇರೆಯಾಗಿ ಇಲ್ಲ, ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ. ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸಿ, ರಸೀದಿ ಜೋಪಾನ ಮಾಡಿ. ಇನ್ನು ಮೇಲೆ ಅವರು ಸುಮ್ಮನಿದ್ದರೆ ಆ ಮೌನವೇ ನಿಮ್ಮ ಕಡೆಯ ದಾಖಲೆ.

ಉತ್ತರ ಬರಲಿಲ್ಲವೇ? 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಅವರು ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ, ನಿಮಗೊಂದು ದೂರಿನ ಸಂಖ್ಯೆ ಕೊಡುತ್ತಾರೆ. ಕಂಪನಿಯನ್ನು ಶಿಕ್ಷಿಸುವ ಅಧಿಕಾರ ಸಹಾಯವಾಣಿಗಿಲ್ಲ. ಆದರೆ ಹಲವರಿಗೆ ಇಷ್ಟರಲ್ಲೇ ಕೆಲಸ ಆಗುತ್ತದೆ, ಆಗದಿದ್ದರೂ ಮುಂದಿನ ಹೆಜ್ಜೆಗೆ ಆ ಸಂಖ್ಯೆ ಬೇಕಾಗುತ್ತದೆ.

ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಲ್ಲಿ ನಮಗೆ ಉಪಯೋಗವಾಗುವ ಒಂದು ಬದಲಾವಣೆ ಇದೆ. ನೀವು ಎಲ್ಲಿ ವಾಸ ಮಾಡುತ್ತೀರೋ ಅಥವಾ ಎಲ್ಲಿ ದುಡಿಯುತ್ತೀರೋ ಅಲ್ಲಿಯ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಚೆನ್ನೈನಲ್ಲಿದೆಯೋ ಮುಂಬೈಯಲ್ಲಿದೆಯೋ, ನೀವು ಅಲ್ಲಿಗೆ ಓಡಬೇಕಿಲ್ಲ. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಹೊಸ ಜಿಲ್ಲೆಗಳಾದವು. ತೆಲಂಗಾಣದ ಕಡೆಯವರು ಮೊದಲು ಮಹಬೂಬನಗರದ ಜಿಲ್ಲಾ ಆಯೋಗದಲ್ಲಿ ವಿಚಾರಿಸಿ. ಆಚೆ ದಡದವರಿಗೆ ರಾಯಚೂರಿನಲ್ಲೇ ಆಯೋಗವಿದೆ. ಕೈಬರಹದ ದೂರಿಗೆ ಬದಲಾಗಿ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲೂ ಸಲ್ಲಿಸಬಹುದು. ರಾಯಚೂರಿನಲ್ಲಿ ಕೊಂಡ ಎಂಜಿನ್ನಿನ ಕನ್ನಡ ಕಾಗದಗಳನ್ನು ತೆಲಂಗಾಣದ ಕಡೆ ಕೊಡುವಾಗ ಜೊತೆಗೆ ತೆಲುಗು ಅಥವಾ ಇಂಗ್ಲಿಷ್ ಅನುವಾದ ಇಡುವುದು ಒಳ್ಳೆಯದು.

‘ನಾನು ದೋಣಿಯಿಂದ ಹಣ ಗಳಿಸುತ್ತೇನೆ. ಹಾಗಾದರೆ ನಾನು ವ್ಯಾಪಾರಿ ಆಗುವುದಿಲ್ಲವೇ?’ ಈ ಅನುಮಾನ ಬರುವುದು ಸಹಜ. ಕಂಪನಿಯ ವಕೀಲರೂ ಇದನ್ನೇ ಎತ್ತುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುವುದು ನಿಜ. ಆದರೆ ಅದೇ ಕಲಮಿನ ಕೆಳಗೆ ವಿವರಣೆ ಇದೆ: ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲಷ್ಟೇ ಕೊಂಡು ತಾವೇ ಬಳಸುವವರು ಗ್ರಾಹಕರೇ. 1995ರ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಒಂದಿಬ್ಬರನ್ನು ಸಹಾಯಕ್ಕೆ ಇಟ್ಟುಕೊಂಡ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಹತ್ತು ದೋಣಿ ಇಟ್ಟು ಕೂಲಿಯವರಿಂದ ಓಡಿಸುವವರ ಕಥೆ ಬೇರೆ. ಆದ್ದರಿಂದ ದೂರಿನ ಮೊದಲ ಪುಟದಲ್ಲೇ ‘ಸ್ವಯಂ ಉದ್ಯೋಗಕ್ಕಾಗಿ, ಜೀವನೋಪಾಯಕ್ಕಾಗಿ’ ಎಂದು ಸ್ಪಷ್ಟವಾಗಿ ಬರೆಯಿರಿ.

ಕಂಪನಿ ವಿದೇಶದ್ದಾದರೆ? ನೋಟಿಸ್ ತಲುಪಿಸಲಾಗದಿದ್ದರೆ ಅಥವಾ ತಯಾರಕರು ಯಾರೆಂದೇ ತಿಳಿಯದಿದ್ದರೆ, ದೋಷದಿಂದ ಆದ ಹಾನಿಗೆ ಮಾರಿದವರನ್ನು ಹೊಣೆ ಮಾಡಲು ಕಾಯ್ದೆಯಲ್ಲಿ ದಾರಿ ಇದೆ. ಹಾಗಾಗಿ ಮಾರಿದವರು, ಆಮದುದಾರರು, ತಯಾರಕರು ಮೂವರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವ ಆಟಕ್ಕೆ ಇದರಿಂದ ತಡೆ ಬೀಳುತ್ತದೆ.

ಸಹಾಯಧನದಲ್ಲಿ ಬಂದ ಎಂಜಿನ್ ಆದರೂ ಹಕ್ಕು ಹೋಗುವುದಿಲ್ಲ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 40%, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ 60% ಸಹಾಯಧನ. ಉಳಿದದ್ದು ನಿಮ್ಮ ಕೈಯಿಂದಲೇ ಹೋಗುತ್ತದೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರು. ಪತ್ರದ ಒಂದು ಪ್ರತಿಯನ್ನು ಜಿಲ್ಲಾ ಮೀನುಗಾರಿಕೆ ಅಧಿಕಾರಿಗೂ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಒಂದೇ ಮಾದರಿಯ ಎಂಜಿನ್ ನಿಮ್ಮ ಮೀನುಗಾರರ ಸಂಘದ ಹಲವರಲ್ಲಿ ಒಂದೇ ರೀತಿ ಕೆಡುತ್ತಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು. ಒಬ್ಬರ ಎಂಜಿನ್ ಕೆಟ್ಟರೆ ಬಳಕೆಯ ತಪ್ಪು ಎನ್ನಬಹುದು, ಎಂಟು ಜನರದ್ದು ಹಾಗೇ ಕೆಟ್ಟರೆ ಹಾಗೆನ್ನುವುದು ಸುಲಭವಲ್ಲ.

ಖರ್ಚಿನ ವಿಷಯಕ್ಕೆ ಬರೋಣ. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000. ಅಲ್ಲಿಯವರೆಗಿನ ದೂರುಗಳೆಲ್ಲ ಜಿಲ್ಲಾ ಆಯೋಗಕ್ಕೇ ಬರುತ್ತವೆ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಪ್ರಮಾಣಪತ್ರದ ನೋಟರಿ, ಜೆರಾಕ್ಸ್, ಓಡಾಟ ಇವು ನಿಮ್ಮ ಖರ್ಚು. ಎಂಜಿನ್ನನ್ನು ಪರೀಕ್ಷೆಗೆ ಕಳಿಸಬೇಕೆಂದು ಆಯೋಗ ಹೇಳಿದರೆ ಅದರ ಶುಲ್ಕವನ್ನು ಮೊದಲು ನೀವು ಕಟ್ಟಬೇಕಾಗುತ್ತದೆ. ವಕೀಲರು ಬೇಕೆನಿಸಿದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ. ಅದರ ಸಹಾಯವಾಣಿ 15100.

ಎಷ್ಟು ದಿನ ಹಿಡಿಯುತ್ತದೆ? ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಪತ್ರಕ್ಕೆ ಉತ್ತರಿಸದೆ ಕೂತವರಿಗೆ ಇಲ್ಲಿ ಹಾಗೆ ಕೂರಲು ಆಗುವುದಿಲ್ಲ. ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂಬುದು ಕಾಯ್ದೆಯ ಮಾತು. ನಿಜದಲ್ಲಿ ಇನ್ನೂ ಎಳೆಯಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಿಮಗೂ ಒಂದು ಗಡುವಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಬರೀ ಪತ್ರ ಬರೆಯುತ್ತ ಕೂತರೆ ಆ ಗಡುವು ಬೆಳೆಯುವುದಿಲ್ಲ. ‘ಮುಂದಿನ ತಿಂಗಳು ಬರುತ್ತೇವೆ, ಎಂಜಿನಿಯರ್ ಕಳಿಸುತ್ತೇವೆ’ ಎಂಬ ಮಾತಿಗೆ ಕಾಯುತ್ತ ಕಾಯುತ್ತ ಹಕ್ಕನ್ನೇ ಕಳೆದುಕೊಳ್ಳುವುದು ನನಗೆ ಎಲ್ಲಕ್ಕಿಂತ ಸಂಕಟ ತರುವ ಸಂಗತಿ. ಮೊದಲ ಸಲ ಕೆಟ್ಟ ದಿನವನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಕೊನೆಯದಾಗಿ ಬರುವ ಪ್ರಶ್ನೆ ಇದು: ಕೇಸು ನಡೆಯುವಾಗ ದೋಣಿ ದಡದಲ್ಲೇ ಕೊಳೆಯಬೇಕೆ? ಬೇಕಿಲ್ಲ. ‘ಇಂಥ ದಿನ ಬೇರೆ ಮೆಕ್ಯಾನಿಕ್‌ನಿಂದ ಎಂಜಿನ್ ಬಿಚ್ಚಿಸುತ್ತೇನೆ, ನಿಮ್ಮವರು ಬಂದು ನೋಡಬಹುದು’ ಎಂದು ಮೊದಲು ಲಿಖಿತವಾಗಿ ತಿಳಿಸಿ. ಕೇಸು ಆಗಲೇ ದಾಖಲಾಗಿದ್ದರೆ ಆಯೋಗಕ್ಕೆ ಅರ್ಜಿ ಹಾಕಿ ಅನುಮತಿ ಕೇಳಿ, ಮಧ್ಯಂತರ ಆದೇಶ ಕೊಡುವ ಅಧಿಕಾರ ಅದಕ್ಕಿದೆ. ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಯಾವ ಭಾಗ, ಯಾಕೆ ಹೋಗಿದೆ ಎಂದು ಮೆಕ್ಯಾನಿಕ್‌ನಿಂದ ಸಹಿ ಹಾಕಿಸಿ ಬರೆಸಿಕೊಳ್ಳಿ. ಕೆಟ್ಟ ಭಾಗವನ್ನು ಬಟ್ಟೆಯಲ್ಲಿ ಸುತ್ತಿ, ದಿನಾಂಕ ಬರೆದು ಎತ್ತಿಡಿ. ರಿಪೇರಿಯ ಬಿಲ್ಲನ್ನೂ, ದೋಣಿ ನಿಂತ ದಿನಗಳ ದುಡಿಮೆಯ ನಷ್ಟವನ್ನೂ ಪರಿಹಾರದಲ್ಲಿ ಸೇರಿಸಿ ಕೇಳಿ. ಅಲ್ಲಿಯ ತನಕ ಹೊಳೆಗಿಳಿಯುವಾಗಲೆಲ್ಲ ಎರಡು ಹುಟ್ಟು, ಒಂದು ಉದ್ದನೆಯ ಜಲ್ಲೆ, ಲಂಗರಿನ ಹಗ್ಗ, ಕೂತವರಿಗೆಲ್ಲ ಲೈಫ್ ಜಾಕೆಟ್ ದೋಣಿಯಲ್ಲಿರಲಿ. ನೀರು ಬಿಡುವ ದಿನಗಳಲ್ಲಿ ಜೂರಾಲ ಗೇಟುಗಳ ಮೇಲ್ಭಾಗದಲ್ಲಿ ಅನುಮಾನವಿರುವ ಎಂಜಿನ್ ನಂಬಿ ಹೋಗಬೇಡಿ.